ಮುಂಗಾರಿನಲ್ಲಿ ಎಟಿಆರ್ ಕೆಳಗೇ ಹಾರಲಿ

ಮುಂಬಯಿಯ ಸಾಕಿನಾಕಾ, ಜರಿಮರಿ ಕಡೆಯಿಂದ 27ನೇ ರನ್‌ವೇಗೆ ಇಳಿಯುವ ವಿಮಾನಗಳ ನಡುವೆ ನನ್ನ ಕಣ್ಣು ಹುಡುಕುವುದು ಎಟಿಆರ್-72 ಅನ್ನು. ಹೆಗಲ ಮೇಲೆ ಹೊತ್ತ ರೆಕ್ಕೆ, ಆರು ಅಲಗಿನ ಪ್ರೊಪೆಲರ್. 2021ರ ಅಕ್ಟೋಬರ್ 9ರಂದು ಸಿಂಧುದುರ್ಗದ ಚಿಪಿ ನಿಲ್ದಾಣ ತೆರೆದಾಗ ಮುಂಬಯಿಯಿಂದ ಅಲ್ಲಿಗೆ ಹಾರಿದ್ದು ಅಲಯನ್ಸ್ ಏರ್‌ನ ಎಟಿಆರ್. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ಹಾರಾಟ ಶುರುಮಾಡಿದ್ದು ಇದರ ಅಣ್ಣ ಎಟಿಆರ್-42ರಲ್ಲಿ. ಸಣ್ಣ ಊರುಗಳಿಗೆ ಆಕಾಶ ತೆರೆದ ಯಂತ್ರ ಇದು.

ಈ ವಿಮಾನಕ್ಕೆ ಐಸಿಂಗ್, ಅಂದರೆ ಮೈಮೇಲೆ ಮಂಜುಗಡ್ಡೆ ಕಟ್ಟುವ ಅಪಾಯವಿದೆ ಎಂದರೆ ಮುಂಬಯಿಯವರು ನಂಬುವುದಿಲ್ಲ. ಬೆವರು ಸುರಿಯುವ ಊರಲ್ಲಿ ಎಲ್ಲಿಯ ಮಂಜುಗಡ್ಡೆ? ಆದರೆ ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ ಸುಮಾರು 17–18 ಸಾವಿರ ಅಡಿಗೆ ಉಷ್ಣಾಂಶ ಸೊನ್ನೆಗೆ ಇಳಿದಿರುತ್ತದೆ. ಅದರಾಚೆಯ ಮೋಡಗಳಲ್ಲಿ ಸೊನ್ನೆಗಿಂತ ತಣ್ಣಗಾಗಿಯೂ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ರೆಕ್ಕೆಗೆ ತಗಲಿದೊಡನೆ ಅಲ್ಲೇ ಗಟ್ಟಿಯಾಗುತ್ತವೆ. ಜೆಟ್ ವಿಮಾನ ಈ ಪದರವನ್ನು ಕೆಲವೇ ನಿಮಿಷಗಳಲ್ಲಿ ದಾಟಿ 35 ಸಾವಿರ ಅಡಿಗೆ ಏರಿಬಿಡುತ್ತದೆ. ಎಟಿಆರ್ ಏರಬಲ್ಲ ಗರಿಷ್ಠ ಎತ್ತರ 25 ಸಾವಿರ ಅಡಿ, ವಾಡಿಕೆಯ ಹಾರಾಟ ಅದಕ್ಕೂ ಎಷ್ಟೋ ಕೆಳಗೆ. ಹೀಗಾಗಿ ಜೆಟ್ ದಾಟಿಹೋಗುವ ಪದರದಲ್ಲೇ ಇದು ಬಹಳ ಹೊತ್ತು ಇರಬೇಕಾಗಬಹುದು.

ರಕ್ಷಣೆ ಇಲ್ಲವೆಂದಲ್ಲ. ರೆಕ್ಕೆಯಂಚಿನ ಕಪ್ಪು ರಬ್ಬರ್ ಬೂಟುಗಳು ಗಾಳಿ ತುಂಬಿಕೊಂಡು ಉಬ್ಬಿ ಮಂಜನ್ನು ಒಡೆದು ಉದುರಿಸುತ್ತವೆ. ಪ್ರೊಪೆಲರ್ ಅಲಗುಗಳಿಗೆ ವಿದ್ಯುತ್ ಶಾಖವಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಯಾಪ್ಟನ್‌ನ ಪಕ್ಕದ ಕಿಟಕಿಯ ಹೊರಗೆ ಚಾಚಿಕೊಂಡಿರುವ ಪುಟ್ಟ ಕಡ್ಡಿ. ಅದಕ್ಕೆ ಶಾಖ ಕೊಡುವುದೇ ಇಲ್ಲ. ಮಂಜು ಮೊದಲು ಕಟ್ಟಬೇಕಾದದ್ದೂ ಕೊನೆಗೆ ಬಿಡಬೇಕಾದದ್ದೂ ಅಲ್ಲೇ. ಇರುಳಲ್ಲಿ ನೋಡಲು ದೀಪವೂ ಉಂಟು. ಪಕ್ಕದ ಕಿಟಕಿಯ ಗಾಜಿನ ಮೇಲೆಯೇ ಮಂಜು ಹರಡತೊಡಗಿದರೆ ಹನಿಗಳು ದೊಡ್ಡವು, ಐಸಿಂಗ್ ತೀವ್ರ, ಅಲ್ಲಿಂದ ಹೊರಬೀಳಬೇಕು ಎಂದರ್ಥ.

ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾದ ರೋಸ್‌ಲಾನ್ ಬಳಿ ಒಂದು ಎಟಿಆರ್-72 ಶಿಕಾಗೋದಲ್ಲಿ ಇಳಿಯುವ ಸರದಿಗೆ ಕಾಯುತ್ತ ಸುತ್ತು ಹಾಕುತ್ತಿತ್ತು. ಕೊರೆವ ತುಂತುರಿನ ದೊಡ್ಡ ಹನಿಗಳು ಬೂಟು ಮುಟ್ಟದ ಜಾಗದಲ್ಲಿ ದಿಣ್ಣೆಯಾಗಿ ಗಟ್ಟಿಯಾದವು. ರೆಕ್ಕೆಯ ಹಿಂಬದಿಯ ಫ್ಲಾಪ್ ಮಡಚುತ್ತಿದ್ದಂತೆ, ರೆಕ್ಕೆತುದಿಯಲ್ಲಿದ್ದು ವಿಮಾನವನ್ನು ವಾಲಿಸುವ ಏಲೆರಾನ್ ತಾನಾಗಿ ತಿರುಗಿ ವಿಮಾನ ಪಕ್ಕಕ್ಕೆ ಮಗುಚಿತು. 68 ಜನ ಸತ್ತರು. ಆಮೇಲೆ ಬೂಟುಗಳನ್ನು ಅಗಲಿಸಿದರು. ತೀವ್ರ ಐಸಿಂಗ್‌ನಲ್ಲಿ ವೇಗ ಹೆಚ್ಚಿಸು, ಆಟೋಪೈಲಟ್ ತೆಗೆ, ಚಾಚಿದ ಫ್ಲಾಪನ್ನು ಮಂಜು ಬಿಡುವವರೆಗೆ ಮಡಚಬೇಡ ಎಂಬ ನಿಯಮ ಬಂತು.

ಅದು ಚಳಿನಾಡಿನ ಕಥೆ ಎಂದುಕೊಳ್ಳುವಂತಿಲ್ಲ. 2024ರ ಆಗಸ್ಟ್ 9ರಂದು ವೋಪಾಸ್ ಕಂಪನಿಯ ಎಟಿಆರ್ ಬಿದ್ದದ್ದು ಬ್ರೆಜಿಲ್‌ನ ವಿನ್ಯೇದೊದಲ್ಲಿ, ಮಕರ ಸಂಕ್ರಾಂತಿ ವೃತ್ತದ ಬಗಲಲ್ಲೇ. 62 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ರಾಥಮಿಕ ವರದಿಯ ಪ್ರಕಾರ, 17 ಸಾವಿರ ಅಡಿಯಲ್ಲಿ ಹಾರುತ್ತಿದ್ದಾಗ ವೇಗ ಕುಗ್ಗುತ್ತಿದೆ ಎಂಬ ಎಚ್ಚರಿಕೆಗಳು ಒಂದರ ಹಿಂದೊಂದು ಬಂದಿದ್ದವು. ಬೂಟು ಎಷ್ಟೇ ಒಳ್ಳೆಯದಿರಲಿ, ಐಸಿಂಗ್‌ನಲ್ಲಿ ವಿಮಾನವನ್ನು ಕಾಯುವುದು ವೇಗ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ಆಕಾಶದಲ್ಲಿ ತಪ್ಪಿಸಿಕೊಳ್ಳುವ ದಾರಿ ಕೆಳಗಿದೆ. 14 ಸಾವಿರ ಅಡಿಗೆ ಇಳಿದರೆ ಮುಂಗಾರಿನಲ್ಲಿ ಗಾಳಿ ಸೊನ್ನೆಗಿಂತ ಬೆಚ್ಚಗಿರುತ್ತದೆ, ಮಂಜು ತಾನೇ ಕರಗುತ್ತದೆ. ಸಹ್ಯಾದ್ರಿಯ ಸಾಲಿನಲ್ಲಿ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ ಶಿಖರವೂ 1,646 ಮೀಟರ್, ಅಂದರೆ 5,400 ಅಡಿ ಮಾತ್ರ. ಇಳಿಯಲು ಬೇಕಾದಷ್ಟು ಜಾಗವಿದೆ. ಪೈಲಟ್ ರೇಡಿಯೋದಲ್ಲಿ ತೀವ್ರ ಐಸಿಂಗ್ ಎಂದು ಹೇಳಲು ಹಿಂಜರಿಯಬಾರದು, ಕಂಟ್ರೋಲರ್ ಉಳಿದ ವಿಮಾನಗಳನ್ನು ಸರಿಸಿ ತಕ್ಷಣ ದಾರಿ ಕೊಡಬೇಕು. ಸಿಂಧುದುರ್ಗದಂಥ ಸಣ್ಣ ದಾರಿಗಳಿಗಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲೈಟ್ ಪ್ಲಾನನ್ನೇ ಮೊದಲಿಗೇ ಕೆಳಗಿನ ಎತ್ತರಕ್ಕೆ ಬರೆಯಬೇಕೆಂಬುದು ನನ್ನ ವಾದ. ಇಂಧನ ತುಸು ಹೆಚ್ಚು ಸುಟ್ಟೀತು, ಮೋಡದೊಳಗೆ ಕುಲುಕಾಟವೂ ಹೆಚ್ಚೀತು. ಆ ಖರ್ಚನ್ನು ಕಂಪನಿ ಲೆಕ್ಕಕ್ಕೆ ಹಿಡಿಯಲಿ, ಕುಲುಕಾಟವನ್ನು ನಾವು ಪ್ರಯಾಣಿಕರು ತಾಳಿಕೊಳ್ಳೋಣ.