ಕುಲಾಂತರಿ ಎಂಬ ಪದ ಮತ್ತು ನಮ್ಮ ಭಯ

ಕಳೆದ ತಿಂಗಳು ಪದವಿ ತರಗತಿಯಲ್ಲಿ ಒಂದು ವಿಜ್ಞಾನ ಬರಹ ಓದಿಸುತ್ತಿದ್ದೆ. ‘ಕುಲಾಂತರಿ ಬದನೆ’ ಎಂಬ ಮಾತು ಬಂತು. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಸರ್, ಕುಲಾಂತರಿ ಅಂದ್ರೆ ಕುಲ ಕೆಟ್ಟಿದ್ದು ಅಂತಾನಾ?” ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ, ಅವಳ ಪ್ರಶ್ನೆಗೆ ಉತ್ತರ ಕೊಡದೆ ಪಾಠ ಮುಂದುವರಿಸಿದೆನಲ್ಲ ಎಂದು ಕಸಿವಿಸಿಯಾಯಿತು.

ಜೀವವಿಜ್ಞಾನದ ಪುಸ್ತಕದಲ್ಲಿ ಕುಲ ಎಂದರೆ ಹತ್ತಿರದ ಪ್ರಭೇದಗಳ ಒಂದು ಗುಂಪು. ಒಂದು ಜೀವಿಯ ವಂಶವಾಹಿಯನ್ನು ಸಂಬಂಧವೇ ಇಲ್ಲದ ಇನ್ನೊಂದು ಜೀವಿಗೆ ಸೇರಿಸುವುದನ್ನು ಚುಟುಕಾಗಿ ಹೇಳಲು ಕನ್ನಡಕ್ಕೆ ‘ಕುಲಾಂತರಿ’ ಒದಗಿಬಂತು. ನಾಲಿಗೆಗೆ ಸುಲಭವಾದ, ಪತ್ರಿಕೆಯ ಶೀರ್ಷಿಕೆಗೆ ಹೇಳಿಮಾಡಿಸಿದ ಪದ. ಆದರೆ ನಮ್ಮ ಕಿವಿ ಪಠ್ಯಪುಸ್ತಕದ್ದಲ್ಲ. ಕುಲ ಎಂದೊಡನೆ ಅದಕ್ಕೆ ಕುಲಗೇಡಿ, ಕುಲಗೆಟ್ಟವನು ಎಂಬ ಬೈಗುಳಗಳು ನೆನಪಾಗುತ್ತವೆ. ವಚನಕಾರರೂ ಕನಕದಾಸರೂ ಕುಲದ ಹಮ್ಮನ್ನು ಪ್ರಶ್ನಿಸಿದ ಭಾಷೆಯಲ್ಲಿ, ಬದನೆಕಾಯಿಯ ವಿಷಯಕ್ಕೆ ಬಂದಾಗ ನಾವೆಲ್ಲ ಕುಲಶುದ್ಧಿಯ ಕಾವಲುಗಾರರಾಗಿಬಿಟ್ಟೆವು.

ಬೆರಕೆಯೇ ನಮ್ಮ ಭಯಕ್ಕೆ ಕಾರಣವೆ? 1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರು ಹತ್ತಿಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಒಂದು ಹೈಬ್ರಿಡ್ ತಂದರು. ಅದಕ್ಕೆ ಇಟ್ಟ ಹೆಸರು ವರಲಕ್ಷ್ಮಿ. ಆಮೇಲೆ ಬಂದದ್ದು ಜಯಲಕ್ಷ್ಮಿ. ನಮ್ಮ ರಾಣೆಬೆನ್ನೂರು ಕಡೆಯ ಬೀಜದ ಹೊಲಗಳಲ್ಲಿ ಸಂಜೆ ಹೂವಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಹಚ್ಚುತ್ತಾರೆ. ಊರವರು ಅದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಆ ಬೆರಕೆಗೆ ಯಾರೂ ಬೆಚ್ಚಲಿಲ್ಲ. ದೇವಿಯ ಹೆಸರಿಟ್ಟು ಮನೆ ತುಂಬಿಸಿಕೊಂಡೆವು. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಗಿಡಕ್ಕೆ ಸೇರಿಸುವುದೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಹೊಸ ಪರೀಕ್ಷೆಗಳು ಬೇಕೇ ಬೇಕು. ಆದರೆ ಪರೀಕ್ಷೆ ಮಾಡುವ ಮೊದಲೇ ‘ಕುಲಾಂತರಿ’ ಎಂಬ ಪದ ತೀರ್ಪು ಕೊಟ್ಟುಬಿಡುತ್ತದೆ.

1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬಿತ್ತಿದರೆ ಮರಳಿ ಮೊಳೆಯದ ‘ಟರ್ಮಿನೇಟರ್’ ಬೀಜದ ಭಯ ಆಗ ಎಲ್ಲೆಡೆ ಹಬ್ಬಿತ್ತು. ಸುಟ್ಟ ಗಿಡಗಳಲ್ಲಿ ಆ ತಂತ್ರಜ್ಞಾನ ಇರಲಿಲ್ಲ. ಈ ಒಂದು ತಪ್ಪನ್ನೇ ಹಿಡಿದು ಇಡೀ ಚಳವಳಿಯನ್ನು ಮೂಢರ ಗದ್ದಲ ಎಂದವರಿದ್ದಾರೆ. ನಾನು ಹಾಗೆ ಓದಲಾರೆ. ಬೀಜ ಯಾರ ಕೈಯಲ್ಲಿರಬೇಕು ಎಂಬುದೇ ಆ ಬೆಂಕಿಯ ಹಿಂದಿದ್ದ ಪ್ರಶ್ನೆ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿ ನಮ್ಮಲ್ಲಿ ಬಂದದ್ದು ಹೈಬ್ರಿಡ್ ರೂಪದಲ್ಲಿ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮೊಳೆಯುತ್ತದೆ, ಆದರೆ ಮೊದಲಿನ ಇಳುವರಿ ಬರುವುದಿಲ್ಲ. ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು.

ಹತ್ತಿ ಬೆಳೆಯುವ ನನ್ನ ಸೋದರಮಾವನಿಗೆ ‘ಕುಲಾಂತರಿ’ ಪದವೇ ಗೊತ್ತಿಲ್ಲ, ಅವನದು ಬರೀ ಬಿಟಿ. ಮೊದಲ ವರ್ಷಗಳಲ್ಲಿ ಔಷಧಿ ಹೊಡೆಯುವುದು ಕಡಿಮೆಯಾಯಿತೆಂದು ಖುಷಿಪಟ್ಟವನೇ. ಆಮೇಲೆ ಗುಲಾಬಿ ಕಾಯಿಕೊರಕ ಬಿಟಿ ವಿಷವನ್ನೇ ಜೀರ್ಣಿಸಿಕೊಂಡು ಮರಳಿತು. ಹೋದ ಸಲ ಊರಿಗೆ ಹೋದಾಗ ಕೇಳಿದೆ. “ಹತ್ತಿ ಬಿಟಿ ಆತು, ಈಗ ಹುಳಾನೂ ಬಿಟಿ ಆಗ್ಯಾವ ನೋಡಪಾ,” ಅಂದ. ಈ ವಿಷಯದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಮಾತು ನಿಖರವಾಗಿತ್ತು. ಅದರಲ್ಲಿ ಬೆರಕೆಯ ಭಯ ಇರಲಿಲ್ಲ, ಕೈಕೊಟ್ಟ ಭರವಸೆಯ ಲೆಕ್ಕವಿತ್ತು.

ಬದನೆಯ ಕತೆಯನ್ನೂ ಹೀಗೆಯೇ ಓದಬಹುದು. 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಜನರ ಮಾತು ಕೇಳಿದರು, ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರುವರಿ 9ರಂದು ತಡೆ ಬಿತ್ತು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಸ್ವತಂತ್ರ ಪರೀಕ್ಷೆ ಸಾಲದು, ರಾಜ್ಯಗಳು ಒಪ್ಪುತ್ತಿಲ್ಲ ಎಂಬ ಕಾರಣಗಳನ್ನು ಅವರು ಕೊಟ್ಟರು. ಕುಲ ಕೆಡುವ ಮಾತು ಆ ಕಾರಣಗಳಲ್ಲಿ ಇರಲಿಲ್ಲ.

ಇದಾದ ಮೇಲೆ ನಮ್ಮ ಕರಾವಳಿಯ ಗುಳ್ಳವೂ ಸುದ್ದಿಗೆ ಬಂತು. ಉಡುಪಿಯ ಬಳಿಯ ಮಟ್ಟು ಊರಿನವರು ಗುಳ್ಳದ ಬೀಜವನ್ನು ವಾದಿರಾಜರು ಕೊಟ್ಟದ್ದೆಂದು ನಂಬುತ್ತಾರೆ. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಕಾನೂನಿನ ಪ್ರಕಾರ ಅನುಮತಿ ಪಡೆಯದೆ ಬಿಟಿ ಪ್ರಯೋಗಕ್ಕೆ ಬಳಸಿದರು ಎಂಬ ಆರೋಪ ಎದ್ದು, ವಿಷಯ ನ್ಯಾಯಾಲಯ ಮುಟ್ಟಿತು. ತಲೆಮಾರುಗಳಿಂದ ಬೀಜ ಕಾಪಾಡಿದವರನ್ನು ಒಂದು ಮಾತು ಕೇಳಬೇಕಿತ್ತಲ್ಲವೆ ಎಂಬುದೇ ಅಲ್ಲಿನ ಪ್ರಶ್ನೆ. ‘ಕುಲಾಂತರಿ’ ಎಂದು ಕೂಗುವ ಗದ್ದಲದಲ್ಲಿ ಮೊದಲು ಮುಳುಗಿಹೋಗುವುದು ಇಂಥ ಪ್ರಶ್ನೆಗಳೇ.

ಇನ್ನೊಂದು ಕಡೆಯವರ ಪದಗಳೂ ಕಡಿಮೆಯಿಲ್ಲ. ‘ಸುಧಾರಿತ ತಳಿ’ ಎಂದಾಗ ಯಾರಿಗೆ ಸುಧಾರಣೆ ಎಂದು ಕೇಳಲು ಜಾಗವೇ ಉಳಿಯುವುದಿಲ್ಲ. ‘ಬಿಟಿ’ ಎಂಬ ಎರಡಕ್ಷರ ಏನನ್ನೂ ಹೇಳದೆ ಪ್ಯಾಕೆಟ್ಟಿನ ಮೇಲೆ ಕೂತಿರುತ್ತದೆ. ಒಂದು ಪದ ಹೆದರಿಸುತ್ತದೆ, ಉಳಿದವು ಮಲಗಿಸುತ್ತವೆ. ಸಾಸಿವೆಯ ವಿಷಯದಲ್ಲೂ ಇದೇ ನಡೆಯುತ್ತಿದೆ: 2022ರಲ್ಲಿ ಒಪ್ಪಿಗೆ, 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ಬೇರೆ ತೀರ್ಪು.

‘ಕುಲಾಂತರಿ’ಯನ್ನು ನಿಘಂಟಿನಿಂದ ತೆಗೆದುಹಾಕಿ ಎನ್ನಲಾರೆ, ಬಳಕೆಗೆ ಬಂದಾಗಿದೆ. ನಾಳೆ ತರಗತಿಯಿದೆ. ಆ ಹುಡುಗಿಗೆ ಹೇಳಬೇಕು: ಕುಲ ಕೆಟ್ಟಿದ್ದು ಅಂತಲ್ಲಮ್ಮ. ಆದರೆ ಆ ಬದನೆಯನ್ನು ಪರೀಕ್ಷೆ ಮಾಡಿದವರು ಯಾರು, ಅದರ ಬೀಜ ಯಾರದು, ನಮ್ಮ ತಟ್ಟೆಗೆ ಬಂದಾಗ ನಮಗೆ ತಿಳಿಸುತ್ತಾರೋ ಇಲ್ಲವೋ, ಇಷ್ಟನ್ನು ಕೇಳಿ ತಿಳಿದುಕೊ. ಹೆದರುವುದೋ ಬಿಡುವುದೋ ಆಮೇಲೆ ನೋಡಿದರಾಯಿತು.