ನಿರೂಪಕನ ಮಾತು, ಕಥೆಗಾರನ ಉದ್ದೇಶ: ‘ರಂಗನ ಮದುವೆ’ಯನ್ನು ಕುರಿತು

ಕಥೆಯ ಉದ್ದೇಶವೇನೆಂದು ಕೇಳಿದರೆ ನಿರೂಪಕನ ಅಭಿಪ್ರಾಯವನ್ನೇ ಎತ್ತಿ ಉತ್ತರವಾಗಿ ಕೊಡುವ ರೂಢಿ ನಮ್ಮ ತರಗತಿಗಳಲ್ಲಿ ಬಲವಾಗಿ ಬೇರೂರಿದೆ. 1920ರಲ್ಲಿ ಪ್ರಕಟವಾದ ‘ಕೆಲವು ಸಣ್ಣ ಕಥೆಗಳು’ ಸಂಗ್ರಹದ ಕರ್ತೃಗಳಾದ ಮಾಸ್ತಿಯವರ ‘ರಂಗನ ಮದುವೆ’ಗೆ ಈ ರೂಢಿಯಿಂದ ಅನ್ಯಾಯವಾಗಿದೆಯೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನಲ್ಲಿ ಇಂಗ್ಲಿಷು ಕಲಿತು ಬಂದ ರಂಗನು ತಾನು ಮೆಚ್ಚಿದ, ವಯಸ್ಸಿಗೆ ಬಂದ ಕನ್ಯೆಯನ್ನಲ್ಲದೆ ವರಿಸೆನೆನ್ನುತ್ತಾನೆ. ಅವನಿಗೆ ಮದುವೆ ಮಾಡಿಸಿಯೇ ತೀರುವೆನೆಂದು ಹಟತೊಟ್ಟ ಶ್ಯಾಮನು 11 ವರ್ಷದ ರತ್ನೆಯನ್ನು ತೋರಿಸಿ ಗೆಲ್ಲುತ್ತಾನೆ. ಆದುದರಿಂದ ಕಥೆ ಬಾಲ್ಯವಿವಾಹದ ಪಕ್ಷದ್ದೆಂದು ಕೆಲವರು. ಬರಿಯ ವಿನೋದವೆಂದು ಇನ್ನು ಕೆಲವರು.

ಶ್ಯಾಮನು ಯಾರೊಡನೆ ಮಾತನಾಡುತ್ತಿದ್ದಾನೆಂಬುದನ್ನು ಮೊದಲು ನೋಡಬೇಕು. ಹೊಸಹಳ್ಳಿ ಭೂಪಟದಲ್ಲಿಲ್ಲವೆಂದು ಅವನು ದೊರೆಗಳನ್ನೂ ನಮ್ಮವರನ್ನೂ ಹಾಸ್ಯಮಾಡುತ್ತಾನೆ. ಕಥೆಗೆ ‘ಜಗನ್ನಾಥ ವಿಜಯ’, ‘ಗಿರಿಜಾ ಕಲ್ಯಾಣ’ಗಳಂಥ ಭಾರಿ ಹೆಸರನ್ನಿಡಬಹುದಿತ್ತಲ್ಲ ಎನ್ನುತ್ತಾನೆ. ಶಾಲೆಯ ಭೂಗೋಳವನ್ನು ಓದಿ, ರುದ್ರಭಟ್ಟ ಹರಿಹರರ ಹೆಸರನ್ನು ಕೇಳಿದವನಿಗೆ ಮಾತ್ರ ಈ ನಗೆ ತಾಗುವುದು. ಹೊಸಹಳ್ಳಿಯವರಿಗೆ ಹೊಸಹಳ್ಳಿಯ ಪರಿಚಯವೇ ಬೇಕಿಲ್ಲ. ಕಥೆಯ ಉದ್ದಿಷ್ಟ ಓದುಗನು ರಂಗನ ಬಳಗದವನು, ಬಹುಮಟ್ಟಿಗೆ, ನಾವೇ.

ಈ ಓದುಗನ ಮುಂದೆ ಶ್ಯಾಮನು ತನ್ನ ತಂತ್ರವನ್ನು ಸ್ವಲ್ಪವೂ ಮುಚ್ಚಿಡುವುದಿಲ್ಲ. ಹುಡುಗಿಗೆ ಮದುವೆಯಾಗಿದೆಯೆಂಬ ಸುಳ್ಳು, ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟ ಪಾಠ, ಕೊನೆಗೆ ಅದನ್ನೆಲ್ಲ ತಮ್ಮ ಶಾಸ್ತ್ರದ ಮಹಿಮೆಯೆಂದೇ ನಂಬಿಸಲು ಹೊರಡುವ ಶಾಸ್ತ್ರಿಗಳು, ಇವೆಲ್ಲ ನಮಗೆ ಗೊತ್ತು, ರಂಗನೊಬ್ಬನಿಗೆ ಗೊತ್ತಿಲ್ಲ. (ಶಾಸ್ತ್ರಿಗಳ ಪ್ರಸಂಗ ಕಥೆಯ ಅತ್ಯುತ್ತಮ ಭಾಗ.) ಹಳೆಯ ಪದ್ಧತಿ ಸರಿಯೆಂದು ಸ್ಥಾಪಿಸುವುದೇ ಉದ್ದೇಶವಾಗಿದ್ದಲ್ಲಿ ಅದರ ಗೆಲುವನ್ನು ಸುಳ್ಳಿನ ಮೇಲೆ ನಿಲ್ಲಿಸಬೇಕಾಗಿರಲಿಲ್ಲ. ಪುಸ್ತಕದಿಂದ ಬಂದ ತತ್ತ್ವ ಒಂದು ಹಾಡಿಗೆ ಎಷ್ಟು ಬೇಗ ಕರಗಿತೆಂಬುದನ್ನು ಅಂಥದೇ ತತ್ತ್ವವುಳ್ಳವರಿಗೆ ತೋರಿಸುವುದು ಲೇಖಕರ ಗುರಿಯೆಂದು ನಮ್ಮ ಮತ.

ಇಷ್ಟಾದರೂ ಆಕ್ಷೇಪ ಪೂರ್ತಿಯಾಗಿ ತೀರುವುದಿಲ್ಲ. 1894ರ ಮೈಸೂರು ಕಾನೂನು 8 ವರ್ಷದೊಳಗಿನ ಬಾಲೆಯರ ವಿವಾಹವನ್ನು ನಿಷೇಧಿಸಿತ್ತು. ಶಾರದಾ ಕಾಯಿದೆ ಬಂದುದು 1929ರಲ್ಲಿ. ರತ್ನೆಯ ಮದುವೆ ಅಂದಿನ ಮೈಸೂರಿನಲ್ಲಿ ಅಪರಾಧವಾಗಿರಲಿಲ್ಲ. ಆದರೆ ಎಲ್ಲರ ಮಾತನ್ನೂ ರಸವತ್ತಾಗಿ ವರದಿಮಾಡುವ ಶ್ಯಾಮನು ಅವಳ ಇಷ್ಟವನ್ನು ಒಮ್ಮೆಯೂ ಕೇಳುವುದಿಲ್ಲ. ರಂಗನನ್ನು ಕಂಡೊಡನೆ ಅವಳು ಹಾಡು ನಿಲ್ಲಿಸುತ್ತಾಳೆ. ಮುಂದೆ ಮಗುವಿನ ತಾಯಿಯಾಗಿರುತ್ತಾಳೆ. ಈ ಮೌನ ಶ್ಯಾಮನದೊ, ಮಾಸ್ತಿಯವರದೊ ಎಂಬುದನ್ನು ಕಥೆಯ ಆಧಾರದಿಂದಲೇ ನಿರ್ಧರಿಸುವುದು ನಮಗೆ ಸಾಧ್ಯವಾಗಿಲ್ಲ.