ಮೊಂಡು ಮೊಳೆಯ ಪರವಾಗಿ

ಬುಗುರಿಗೆ ಚಾಟಿಯನ್ನು ಎಡಸುತ್ತಾಗಿ ಸುತ್ತಬೇಕೋ ಬಲಸುತ್ತಾಗಿಯೋ ಎಂಬ ಚರ್ಚೆಯನ್ನು ಈ ವಾರ ಮುಗಿಸುವುದಾಗಿ ಅಂಕಣವು ಮಾತು ಕೊಟ್ಟಿತ್ತಾದರೂ, ಚಾಟಿಯ ಮಾತಿಗೆ ಮೊದಲು ಮೊಳೆಯ ಹಳೆಯ ಬಾಕಿಯೊಂದು ಚುಕ್ತಾ ಆಗಬೇಕಾಗಿದೆ. ಮರದ ಮೈಗೆ ಬಡಿದ ಕಬ್ಬಿಣದ ಮೊಳೆಯ ಬದಲು, ಸಣ್ಣ ಉಕ್ಕಿನ ಗುಂಡುಗಳ ಮೇಲೆ ಸರಾಗವಾಗಿ ಜಾರುವ ಬೇರಿಂಗಿನಲ್ಲಿ ತುದಿಯನ್ನು ಕೂರಿಸಿದ ಪ್ಲಾಸ್ಟಿಕ್ ಬುಗುರಿಗಳು ಬಂದಾಗಿನಿಂದ ಅವುಗಳ ಪಕ್ಷದವರು ಒಂದೇ ವಾದವನ್ನು ಮುಂದಿಡುತ್ತ ಬಂದಿದ್ದಾರೆ: ಘರ್ಷಣೆ ಬುಗುರಿಯ ವೈರಿ, ಅದು ಕಡಿಮೆಯಾದಷ್ಟೂ ಬುಗುರಿ ಉತ್ತಮ. ಹೆಚ್ಚು ಹೊತ್ತು ತಿರುಗುವುದೊಂದೇ ಅಳತೆಯಾದರೆ ಸೀಲಿಂಗ್ ಫ್ಯಾನನ್ನು ಮೀರಿಸುವ ಬುಗುರಿ ಎಲ್ಲಿಯೂ ಇಲ್ಲವೆಂದು ಹೇಳಿ ಈ ವಾದವನ್ನು ತಳ್ಳಿಹಾಕಬಹುದಿತ್ತು. ಆದರೆ ತಪ್ಪು ಅದಕ್ಕಿಂತ ಆಳದಲ್ಲಿದೆ.

ನೆಲಕ್ಕೆ ಬಿದ್ದ ಬುಗುರಿ ಮೊದಲು ವಾಲಿಕೊಂಡು ಸುತ್ತುತ್ತದೆ, ಆಮೇಲೆ ಯಾರೂ ಮುಟ್ಟದಿದ್ದರೂ ತಾನಾಗಿ ನೆಟ್ಟಗಾಗಿ, ತಿರುಗುತ್ತಿದೆಯೋ ಇಲ್ಲವೋ ಎಂಬ ಸಂದೇಹ ಬರುವಷ್ಟು ಅಲುಗದೆ ನಿಲ್ಲುತ್ತದೆ. ಇಂಗ್ಲಿಷರು ಬುಗುರಿಯ ನಿದ್ದೆ ಎಂದು ಕರೆದ ಈ ಸ್ಥಿತಿಯೇ ಆಟದ ಸೊಗಸು. ವಾಲಿದ ವಸ್ತು ಭಾರದ ಸೆಳೆತಕ್ಕೆ ವಿರುದ್ಧವಾಗಿ ಮೇಲೇಳಲು ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಬೇರಿಂಗಿನವರು ವೈರಿಯೆಂದು ಹಳಿದ ಅದೇ ಘರ್ಷಣೆಯನ್ನೇ ತೋರಿಸಬೇಕಾಗುತ್ತದೆ.

ಈ ಮಾತನ್ನು ಜಾನ್ ಪೆರಿಯಷ್ಟು ತಿಳಿಯಾಗಿ ಹೇಳಿದವರು ವಿರಳ. ಕ್ಲೈನ್ ಮತ್ತು ಸೊಮರ್‌ಫೆಲ್ಡ್ ಎಂಬ ಜರ್ಮನ್ ವಿದ್ವಾಂಸರು ಬುಗುರಿಯ ಸಿದ್ಧಾಂತಕ್ಕೆಂದೇ 1897ರಿಂದ 1910ರವರೆಗೆ ನಾಲ್ಕು ಸಂಪುಟಗಳನ್ನು ಹೊರತಂದರು. ಅವುಗಳ ಗಣಿತಕ್ಕೆ ಅಂಜುವವರು ಪೆರಿಯ ಪುಟ್ಟ ಪುಸ್ತಕವನ್ನೇ ಹಿಡಿಯುವುದು ಕ್ಷೇಮ. 1890ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೂಲಿಕಾರ್ಮಿಕರ ಸಭೆಯ ಮುಂದೆ ಅವನು ಮಾಡಿದ ಉಪನ್ಯಾಸವೇ ಪುಸ್ತಕವಾಗಿದ್ದು, ಅದರಲ್ಲಿ ಸಮೀಕರಣಗಳ ಜಾಗದಲ್ಲಿ ಕಣ್ಣೆದುರಿನ ಪ್ರಯೋಗಗಳಿವೆ. ವಾಲಿದ ಬುಗುರಿಯ ತಲೆ ನಿಧಾನವಾಗಿ ವೃತ್ತ ಬರೆಯುವ ಚಲನೆಗೆ ಅಯನ ಎಂದು ಹೆಸರು. ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಇಂಥದೇ ಒಂದು ವೃತ್ತವನ್ನು ಪೂರೈಸುತ್ತದೆ. ಈ ಅಯನವನ್ನು ಅವಸರಿಸಿದರೆ ಬುಗುರಿ ಏಳುತ್ತದೆ, ತಡೆದರೆ ಬೀಳುತ್ತದೆ ಎಂಬುದು ಪೆರಿ ಕೊಟ್ಟ ಸೂತ್ರದ ಸಾರ. ಹಾಗೆ ಅವಸರಿಸುವ ಕೈ ಮೊಳೆಯದು. ತುದಿ ಮೊಂಡಾಗಿದ್ದು ಬುಗುರಿ ವಾಲಿಕೊಂಡಿದ್ದರೆ ನೆಲಕ್ಕೆ ತಾಗುವುದು ಮೊಳೆಯ ನಡುಬಿಂದುವಲ್ಲ, ಅದರ ಪಕ್ಕೆ. ತಿರುಗುವ ಪಕ್ಕೆ ನೆಲವನ್ನು ಉಜ್ಜುತ್ತ, ಗಾಲಿಯಂತೆ ಉರುಳಲು ಹವಣಿಸುತ್ತ, ಬುಗುರಿಯನ್ನು ಅಯನದ ದಾರಿಯಲ್ಲಿಯೇ ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ಬುಗುರಿ ತಲೆಯೆತ್ತುತ್ತದೆ. ಸೂಜಿಯಂಥ ಮೊಳೆಗೆ ಪಕ್ಕೆಯೇ ಇಲ್ಲದ್ದರಿಂದ ಅದು ವಾಲಿದಂತೆಯೇ ಸುತ್ತುತ್ತಿರುತ್ತದೆ. ಬೇರಿಂಗಿನ ತುದಿಯಂತೂ ಮೈಯೊಡನೆ ತಿರುಗುವುದೇ ಇಲ್ಲ, ತಿರುಗದ ತುದಿ ನೆಲವನ್ನು ಉಜ್ಜಿ ಬುಗುರಿಯನ್ನು ಏಳಿಸಲಾರದು. ಎಸೆಯುವಾಗಲೇ ನೆಟ್ಟಗೆ ನಿಲ್ಲಿಸಬಲ್ಲವನ ಕೈಯಲ್ಲಿ ಅದು ಬಹಳ ಹೊತ್ತು ಆಡೀತು, ದಾರದ ಮೇಲಿನ ಕಸರತ್ತುಗಳಿಗೆ ಅನುಕೂಲವೂ ಆದೀತು. ಬಿದ್ದ ಮೇಲೆ ತಾನಾಗಿ ಏಳುವ ವಿದ್ಯೆ ಮಾತ್ರ ಅದಕ್ಕೆ ಒಲಿಯದು.

ಸೋತವನ ಬುಗುರಿಯ ಮೈಮೇಲೆ ಗೆದ್ದವರು ತಮ್ಮ ಮೊಳೆಯಿಂದ ಮಾಡುವ ಗಾಯವಾದ ಗುನ್ನಕ್ಕಾಗಿ ಮೊಳೆಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುವ ಹುಡುಗರು ತೆರುವ ಬೆಲೆಯೂ ಇದರಿಂದ ತಿಳಿಯುತ್ತದೆ. ಗುನ್ನ ಆಳವಾಗುತ್ತದೆ, ನಿದ್ದೆ ಕೆಡುತ್ತದೆ.

ಪೆರಿ ಬುಗುರಿಯ ಗೀಳನ್ನು ಹಚ್ಚಿಕೊಂಡದ್ದಕ್ಕೆ ಜಪಾನಿನ ವಾಸವೂ ಒಂದು ಕಾರಣವಾಗಿರಬೇಕು. ಅವನು 1875ರಿಂದ 1879ರವರೆಗೆ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದನು, ಬುಗುರಿಯನ್ನು ರಂಗಕಲೆಯಾಗಿ ಬೆಳೆಸಿದ ದೇಶ ಅದು. ಕ್ಯೋಕುಗೋಮ ಎಂಬ ಆ ಕಲೆಯಲ್ಲಿ ತಿರುಗುವ ಬುಗುರಿಯನ್ನು ಬೀಸಣಿಗೆಯ ಅಂಚಿನಲ್ಲಿ ನಡೆಸುತ್ತಾರೆ, ಬಿಗಿದ ದಾರದ ಮೇಲೆ ಸಾಗಿಸುತ್ತಾರೆ, ಕತ್ತಿಯ ಬಾಯಿಯ ಮೇಲೆ ಹಿಡಿಯ ಕಡೆಯಿಂದ ಮೊನೆಯವರೆಗೆ ಕಳಿಸುತ್ತಾರೆ. ಟೋಕಿಯೋದ ಅಸಾಕುಸದಲ್ಲಿ, ಕನ್ನೋನ್ ದೇವಾಲಯದ ಹಿಂಬದಿಯ ಬಯಲಿನಲ್ಲಿ, ಮಾತ್ಸುಯಿ ಗೆನ್ಸುಯಿ ಎಂಬ ಒಂದೇ ಹೆಸರನ್ನು ತಲೆಮಾರುಗಳುದ್ದಕ್ಕೂ ಹೊತ್ತ ಆಟಗಾರರಿದ್ದರು. ಅವರ ನಿಜವಾದ ಕಸುಬು ಹಲ್ಲಿನ ಔಷಧಿ ಮಾರುವುದು, ಬುಗುರಿ ಜನ ಸೇರಿಸುವ ಉಪಾಯ ಮಾತ್ರ. ನಮ್ಮ ಸಂತೆಗಳಲ್ಲಿ ಹಾವು ಮುಂಗುಸಿಗಳನ್ನು ತೋರಿಸಿ ಬೇರು ಮಾರುವವರನ್ನು ಕಂಡವರಿಗೆ ಈ ವ್ಯಾಪಾರ ಹೊಸದಾಗಿ ಕಾಣಲಾರದು. ಉಪಾಯವು ಕಸುಬನ್ನೇ ನುಂಗಿತು: ಆ ಹೆಸರಿನವನೊಬ್ಬನು 1867ರಲ್ಲಿ ಲಂಡನ್ನಿನ ರಂಗದ ಮೇಲೆ ಬುಗುರಿ ಆಡಿಸಿದನು.

ಚಾಟಿಯ ಚರ್ಚೆಯನ್ನು ಮುಂದೂಡಲು ಇನ್ನೊಂದು ಕಾರಣವೂ ಈ ಜಪಾನೀ ರಂಗದಿಂದಲೇ ದೊರೆಯುತ್ತದೆ. ಕತ್ತಿಯ ಬಾಯಿಗೆ ಏರುವ ಆ ಬುಗುರಿಗಳ ನಡುವೆ ಉದ್ದನೆಯ ಕಬ್ಬಿಣದ ಕಡ್ಡಿ ಹಾದಿರುತ್ತದೆ, ಆಟಗಾರನು ಸಾಮಾನ್ಯವಾಗಿ ಆ ಕಡ್ಡಿಯನ್ನು, ಮಜ್ಜಿಗೆಯ ಕಡೆಗೋಲನ್ನು ಉಜ್ಜುವಂತೆ, ಎರಡು ಅಂಗೈಗಳ ನಡುವೆ ಹೊಸೆದು ಬಿಡುತ್ತಾನೆ. ಚಾಟಿ ಅಲ್ಲಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.